ನೋವಿಗೊಂದು ತಕ್ಕಡಿ

ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಹಣ್ಣು, ತರಕಾರಿ, ಮೀನು ಎಲ್ಲಕ್ಕೂ ತೂಕವುಂಟು. ಅಲ್ಲಿಂದ ಸ್ವಲ್ಪವೇ ದೂರದ ಬೌರಿಂಗ್ ಆಸ್ಪತ್ರೆಗೆ ಕೆನ್ನೆ ಹಿಡಿದುಕೊಂಡು ಬರುವವರ ನೋವಿಗೆ ಯಾವ ತಕ್ಕಡಿ?

ಈ ಪ್ರಶ್ನೆಗೆ ದಂಡಿನ ಪ್ರದೇಶದಲ್ಲಿ ವಿಶೇಷ ಅರ್ಥವಿದೆ. 1809ರಲ್ಲಿ ದಂಡು ನೆಲೆಯೂರಿದ ಮೇಲೆ ಇಲ್ಲಿ ಕನ್ನಡದ ಜೊತೆಗೆ ತಮಿಳು, ಉರ್ದು, ತೆಲುಗು, ಇಂಗ್ಲಿಷ್ ಬೆರೆತವು. 1862ರಿಂದ 1870ರವರೆಗೆ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್‌ರ ಹೆಸರು ಹೊತ್ತ ಆಸ್ಪತ್ರೆಗೆ ಒಬ್ಬರು ‘ನೋವು’ ಎಂದು ಬಂದರೆ, ಇನ್ನೊಬ್ಬರು ‘ವಲಿ’ ಎಂದು, ಮತ್ತೊಬ್ಬರು ‘ದರ್ದ್’ ಎಂದು ಬರುವ ಊರಿದು. ಮಾತು ತಿಳಿಯದಿದ್ದಾಗ ವೈದ್ಯರಿಗೆ ಬೆರಳೇ ಆಧಾರ. ಆದರೆ ಒಬ್ಬರ ಬೆರಳು ಹಗುರ, ಇನ್ನೊಬ್ಬರದು ಭಾರ. ಹೀಗಾಗಿ ಒಂದೇ ಕೆನ್ನೆಗೆ ಎರಡು ತೀರ್ಪು.

ನೋವನ್ನು ಅಳೆಯುವ ಪ್ರಯತ್ನ ಹಳೆಯದು. ಜರ್ಮನಿಯ ಮ್ಯಾಕ್ಸ್ ಫಾನ್ ಫ್ರೈ 1896ರಲ್ಲಿ ಪ್ರಕಟಿಸಿದ ವಿಧಾನ ಬಹಳ ಸರಳ. ಕಡ್ಡಿಯ ತುದಿಗೆ ಕೂದಲು ಅಂಟಿಸಿ ಚರ್ಮದ ಮೇಲೆ ಒತ್ತುವುದು. ಪ್ರತಿ ಕೂದಲೂ ಒಂದು ನಿರ್ದಿಷ್ಟ ಬಲಕ್ಕೆ ಬಾಗುವುದರಿಂದ ಒತ್ತಡ ಎಷ್ಟೆಂದು ತಿಳಿಯುತ್ತದೆ. 1940ರಲ್ಲಿ ನ್ಯೂಯಾರ್ಕಿನ ಹಾರ್ಡಿ, ವುಲ್ಫ್, ಗುಡೆಲ್ ಎಂಬ ಸಂಶೋಧಕರು ತಮ್ಮ ಹಣೆಗೇ ಮಸಿ ಬಳಿದುಕೊಂಡು ದೀಪದ ಶಾಖ ಬಿಟ್ಟು ನೋಡಿದರು. 1954ರಲ್ಲಿ ಇಂಗ್ಲೆಂಡಿನ ವೈದ್ಯ ಕೀಲ್ ಒತ್ತಡದ ನೋವುಮಾಪಕವನ್ನು ವೈದ್ಯರ ಮುಂದಿಟ್ಟರು.

ಇಂದಿನ ಉಪಕರಣದ ತತ್ವವೂ ಅದೇ. ಸುಮಾರು ಒಂದು ಚದರ ಸೆಂಟಿಮೀಟರಿನ ರಬ್ಬರ್ ತುದಿಯನ್ನು ಕೆನ್ನೆಯ ಮೇಲಿಟ್ಟು ಒತ್ತಡವನ್ನು ಒಂದೇ ಸಮನೆ ಏರಿಸುತ್ತಾರೆ. ಒತ್ತಡವು ನೋವಾಗಿ ಬದಲಾದ ಕ್ಷಣವೇ ರೋಗಿ ಹೇಳಬೇಕು. ಆ ಅಂಕಿಯೇ ನೋವಿನ ಹೊಸ್ತಿಲು. ಉಪಕರಣವಿಲ್ಲದವರಿಗೂ ದಾರಿಯುಂಟು. ದವಡೆ ನೋವಿನ ಪತ್ತೆಗೆ 2014ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಸೂತ್ರದಂತೆ ಅಗಿಯುವ ಸ್ನಾಯುವನ್ನು ಒಂದು ಕಿಲೋ ಬಲದಿಂದ, ದವಡೆಯ ಕೀಲಿನ ಹೊರತುದಿಯನ್ನು ಅರ್ಧ ಕಿಲೋ ಬಲದಿಂದ ಒತ್ತಬೇಕು. ಸಣ್ಣ ತಕ್ಕಡಿಯ ಮೇಲೆ ಒತ್ತಿ ಬೆರಳನ್ನು ಪಳಗಿಸಿಕೊಳ್ಳಬಹುದು!

ಇಷ್ಟೆಲ್ಲ ಏಕೆ? ಹಲ್ಲು ಕಚ್ಚಿದಾಗ ಕೆನ್ನೆಯಲ್ಲಿ ಉಬ್ಬುವ ಸ್ನಾಯುವಿನ ನೋವು ಎಷ್ಟೋ ವೇಳೆ ದವಡೆ ಹಲ್ಲಿನ ನೋವಿನಂತೆಯೇ ಕಾಣುತ್ತದೆ. ಪರೀಕ್ಷೆ ತಪ್ಪಿದರೆ ಗಟ್ಟಿ ಹಲ್ಲು ಕಿತ್ತುಹೋಗುತ್ತದೆ, ನೋವು ಅಲ್ಲೇ ಉಳಿಯುತ್ತದೆ. ಆದ್ದರಿಂದಲೇ ಒತ್ತಿದ ಮೇಲೆ, “ನಿಮ್ಮನ್ನು ಕಾಡುತ್ತಿರುವುದು ಇದೇ ನೋವೇ?” ಎಂದು ಕೇಳಬೇಕೆಂಬ ನಿಯಮವಿದೆ.

ಅಂಕಿಗೂ ಮಿತಿಯುಂಟು. ಒತ್ತುವ ವೇಗ, ರೋಗಿಯ ಆತಂಕ ಇವುಗಳಿಂದ ಹೊಸ್ತಿಲು ಮೇಲೆ ಕೆಳಗೆ ಆಗುತ್ತದೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ನೋವೆಂದು ಹೇಳಿದವರ ಮಾತನ್ನು ಗೌರವಿಸಬೇಕು, ಹೇಳಲಾರದವರಿಗೂ ನೋವಿರಬಹುದು ಎಂದು ಸ್ಪಷ್ಟಪಡಿಸಿತು. ತಕ್ಕಡಿ ಬೆರಳಿನ ಭಾರವನ್ನು ತೂಗಬಲ್ಲದು. ನೋವಿಗೆ ಸಾಕ್ಷಿ ಮಾತ್ರ ನೊಂದವರೇ, ಅವರ ಭಾಷೆ ಯಾವುದೇ ಇರಲಿ.