ಹೆರಿಗೆಯ ಬೇನೆ: ತೀವ್ರತೆಯೋ ದೀರ್ಘತೆಯೋ? ಮಂಡ್ಯ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿಚಾರ

ನಾಟಿ ನೆಟ್ಟು, ಕಳೆ ಕಿತ್ತು, ನೀರು ಹೊತ್ತು ದುಡಿದವಳಿಗೆ ಹೆರಿಗೆ ಹಗುರ, ಕೂತುಂಡವಳಿಗೆ ಕಠಿನ ಎಂಬ ಮಾತು ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಿರಿಯ ಹೆಂಗಸರ ಬಾಯಲ್ಲಿ ಇಂದಿಗೂ ಕೇಳಬರುತ್ತದೆ. ಇಂಗ್ಲೆಂಡಿನ ವೈದ್ಯ ಗ್ರ್ಯಾಂಟ್ಲಿ ಡಿಕ್-ರೀಡ್ 1933ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನಾಗರಿಕತೆಯು ಹುಟ್ಟಿಸಿದ ಭಯವು ದೇಹವನ್ನು ಬಿಗಿಗೊಳಿಸಿ ಬೇನೆಯನ್ನು ಬೆಳೆಸುತ್ತದೆಂದೂ, ಸರಳಜೀವನದ ಸ್ತ್ರೀಯರು ಅದನ್ನು ಅಷ್ಟಾಗಿ ಅನುಭವಿಸರೆಂದೂ ಪ್ರತಿಪಾದಿಸಿದನಷ್ಟೆ. ಹಳ್ಳಿಯ ಅಜ್ಜಿಯೂ ಇಂಗ್ಲೆಂಡಿನ ವೈದ್ಯನೂ ಒಬ್ಬರನ್ನೊಬ್ಬರು ಅರಿಯದೆಯೇ ಹೆಚ್ಚು ಕಡಮೆ ಒಂದೇ ನಿಲುವಿಗೆ ಬಂದುದು ಕುತೂಹಲದ ಸಂಗತಿ. ಆದರೆ ಪ್ರಸ್ತುತ ಲೇಖನಕ್ಕೆ ಪ್ರೇರಣೆಯಾದುದು ಇವೆರಡೂ ಅಲ್ಲ. ಮಾನವಶಾಸ್ತ್ರಜ್ಞೆ ಸಿಸಿಲಿಯಾ ವ್ಯಾನ್ ಹಾಲೆನ್ ತಮಿಳುನಾಡಿನ ಹೆರಿಗೆಗಳನ್ನು ಕುರಿತು 2003ರಲ್ಲಿ ಪ್ರಕಟಿಸಿದ ‘ಬರ್ತ್ ಆನ್ ದಿ ಥ್ರೆಷೋಲ್ಡ್’ ಎಂಬ ಗ್ರಂಥದ ಒಂದು ವಾದವನ್ನು ಕಾವೇರಿಯ ಈ ಮೇಲ್ದಂಡೆಯಲ್ಲಿ ನಿಂತು ಪರೀಕ್ಷಿಸಬೇಕೆಂಬುದೇ ನನ್ನ ಉದ್ದೇಶ.

ವಿವಾದವಿಲ್ಲದ ಅಂಶಗಳನ್ನು ಮೊದಲು ಸಂಕ್ಷೇಪವಾಗಿ ಹೇಳಬಹುದು. ಗರ್ಭಕಂಠವು ತೆರೆದುಕೊಳ್ಳುವ ಪೂರ್ವಾವಸ್ಥೆಯ ವೇದನೆಯು ಕೆಳ ಎದೆಯ ಮತ್ತು ಮೇಲಿನ ಸೊಂಟದ ನರಗಳ ಮೂಲಕವೂ, ಶಿಶುವು ಕೆಳಗಿಳಿಯುವಾಗಿನ ವೇದನೆಯು ತ್ರಿಕದ ನರಗಳ ಮೂಲಕವೂ ಮಿದುಳನ್ನು ಮುಟ್ಟುತ್ತದೆ; ಮೊದಲನೆಯದು ಹೊಟ್ಟೆ ಬೆನ್ನುಗಳಲ್ಲಿ ಹರಡಿಕೊಳ್ಳುವಂಥದು, ಎರಡನೆಯದು ಒಂದೆಡೆ ನಾಟುವಂಥದು. ಕೂಸಿನ ತಲೆಯ ಹಿಂಭಾಗವು ತಾಯಿಯ ಬೆನ್ನುಮೂಳೆಯ ಕಡೆಗೆ ತಿರುಗಿದ್ದರೆ ಬೆನ್ನುನೋವು ಬಲವಾಗುತ್ತದೆ. ನೋವನ್ನು ಅಳೆಯಲು 1975ರಲ್ಲಿ ಪ್ರಶ್ನಾವಳಿಯೊಂದನ್ನು ರಚಿಸಿದ ಕೆನಡಾದ ರೊನಾಲ್ಡ್ ಮೆಲ್ಜಾಕ್, ಚೊಚ್ಚಲ ಹೆರಿಗೆಯವರ ನೋವು ಸರಾಸರಿಯಲ್ಲಿ ಅಧಿಕವೆಂದೂ, ಮುಟ್ಟಿನ ಕಾಲದಲ್ಲಿ ಹೆಚ್ಚು ನೋವುಣ್ಣುವವರಿಗೆ ಹೆರಿಗೆಯಲ್ಲಿಯೂ ಹಾಗೆಯೇ ಆಗುತ್ತದೆಂದೂ, ಹೆರಿಗೆಯ ಪೂರ್ವಶಿಕ್ಷಣವು ನೋವನ್ನು ಸ್ವಲ್ಪ ತಗ್ಗಿಸುವುದಾದರೂ ಅಳಿಸಲಾರದೆಂದೂ ತೋರಿಸಿದರು. ಹಳ್ಳಿಯ ಹೆಂಗಸು ಕೂಗದೆ ಹೆರುವಳೆಂಬುದರಿಂದ ಆಕೆಗೆ ನೋವಿಲ್ಲವೆಂದು ತರ್ಕಿಸುವುದು ಮೌನವನ್ನು ಸುಖವೆಂದು ಬಗೆದಂತೆ. ಕೂಗಬೇಡ, ಕಸುವು ಹೋದೀತು ಎಂದು ಬೇನೆಯ ನಡುವೆಯೇ ಬುದ್ಧಿ ಹೇಳಿಸಿಕೊಂಡವಳ ಮೌನದ ಸಾಕ್ಷ್ಯವನ್ನು ಯಾವ ನ್ಯಾಯಸ್ಥಾನವೂ ಅಂಗೀಕರಿಸದು.

ಈಗ ವಿವಾದದ ಅಂಶಕ್ಕೆ ಬರೋಣ. ಕಳೆದ ಶತಮಾನದ ತೊಂಬತ್ತರ ದಶಕದಲ್ಲಿ ತಮಿಳುನಾಡಿನ ಬಡಸ್ತ್ರೀಯರ ನಡುವೆ ಕ್ಷೇತ್ರಕಾರ್ಯ ಮಾಡಿದ ವ್ಯಾನ್ ಹಾಲೆನ್ ಒಂದು ವಿಚಿತ್ರವನ್ನು ಗಮನಿಸಿದರು. ಗರ್ಭಾಶಯದ ಸಂಕೋಚನವನ್ನು ಉದ್ದೀಪಿಸುವ ಆಕ್ಸಿಟೋಸಿನ್ ಔಷಧವನ್ನು ನೋವು ನಿವಾರಕವೊಂದನ್ನೂ ಜೊತೆಗೆ ಕೊಡದೆ ಧಾರಾಳವಾಗಿ ಬಳಸಲಾಗುತ್ತಿತ್ತು. ಹಲವು ಸ್ತ್ರೀಯರು ಅದನ್ನು ತಾವಾಗಿಯೇ ಬೇಡುತ್ತಲೂ ಇದ್ದರು. ಹೆರಿಗೆಯ ನೋವು ಸ್ತ್ರೀಯ ಶಕ್ತಿಯ ಅಭಿವ್ಯಕ್ತಿಯೆಂಬ, ನೋವು ಏರಿದಂತೆ ಶಕ್ತಿಯೂ ಏರುವುದೆಂಬ ಸಾಂಸ್ಕೃತಿಕ ಭಾವನೆಯು ಈ ಬೇಡಿಕೆಯ ಹಿಂದಿದೆಯೆಂದು ಅವರು ವಾದಿಸುತ್ತಾರೆ. ಅವರ ವಿವರಣೆ ಏಕಸೂತ್ರದ್ದಲ್ಲವೆಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಕಿಕ್ಕಿರಿದ ಆಸ್ಪತ್ರೆಗಳ ಅವಸರವನ್ನೂ ಆಧುನಿಕತೆಯ ಆಕರ್ಷಣೆಯನ್ನೂ ಅವರು ಮರೆತಿಲ್ಲ. ಹಾಗಿದ್ದರೂ ಅನಂತರದ ಬರಹಗಳಲ್ಲಿ ಉಳಿದುಕೊಂಡಿರುವುದು ದಕ್ಷಿಣಭಾರತದ ಹೆಣ್ಣು ನೋವನ್ನೇ ಬಯಸುತ್ತಾಳೆಂಬ ಚಿತ್ರ.

ನನ್ನ ಅಭಿಪ್ರಾಯದಲ್ಲಿ, ಕನಿಷ್ಠಪಕ್ಷ ಮೈಸೂರು ಸೀಮೆಯ ಬಯಲಿನ ಮಟ್ಟಿಗೆ, ಆಕ್ಸಿಟೋಸಿನ್ನಿನ ಸೂಜಿಮದ್ದನ್ನು ಬೇಡುವ ಮನೆಯವರು ಬೇಡುತ್ತಿರುವುದು ಅಲ್ಪಕಾಲವನ್ನು. ನೋವಿನ ಏರಿಕೆಯು ಅದಕ್ಕಾಗಿ ತೆರಬೇಕಾದ ಸುಂಕವೆಂದು ಅವರು ಒಪ್ಪಿಕೊಳ್ಳುತ್ತಾರೆ. ಇದಕ್ಕೆ ಆಧಾರವಾಗಿ ಕರ್ನಾಟಕದ ಗ್ರಾಮಾಂತರದಲ್ಲಿಯೇ ನಡೆದ ಒಂದು ಅಧ್ಯಯನವನ್ನು ಮುಂದಿಡುತ್ತೇನೆ. ಜೋಯಿ ಮ್ಯಾಥ್ಯೂಸ್, ಆಶಾ ಕಿಲಾರು ಮತ್ತು ಸಹೋದ್ಯೋಗಿಗಳು 388 ಗರ್ಭಿಣಿಯರನ್ನು ಬಸುರಿನಿಂದ ಬಾಣಂತನದವರೆಗೆ ಅನುಸರಿಸಿ 2005ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆಸ್ಪತ್ರೆಯಲ್ಲಿ ಹೆರಬೇಕೆಂದು ಮೊದಲೇ ಸಂಕಲ್ಪಿಸಿದವರು ನೂರಕ್ಕೆ 11 ಮಂದಿ ಮಾತ್ರ. ಕೊನೆಗೆ ಅಲ್ಲಿ ಹೆತ್ತವರು 35 ಮಂದಿ. ಹೆರಿಗೆಯ ವೇಳೆ ತಲೆದೋರಿದ ನಾನಾ ತೊಡಕುಗಳಲ್ಲಿ, ಕೊನೆಗೆ ಯಾರ ಆರೈಕೆಗೆ ಹೋದರೆಂಬುದರೊಡನೆ ಸಂಬಂಧ ಕಂಡುಬಂದುದು ಒಂದೇ ಒಂದಕ್ಕೆ: ಹೆರಿಗೆಯು ಮುಂದುವರಿಯದೆ ನಿಂತುಬಿಡುವುದಕ್ಕೆ. ಎಂದರೆ, ಮನೆಮಂದಿಯನ್ನು ನಡುರಾತ್ರಿಯಲ್ಲಿ ಗಾಡಿ ಹುಡುಕುವಂತೆ ಮಾಡಿದುದು ಬೇನೆಯ ಬಲಕ್ಕಿಂತ ಹೆಚ್ಚಾಗಿ ಅದರ ಎಳೆತ. ಬೇನೆ ಬಂದು ಹೋಗಿ, ಬಂದು ಹೋಗಿ, ಹೊತ್ತು ಹುಟ್ಟಿ ಹೊತ್ತು ಮುಳುಗಿದರೂ ಕೂಸು ಕಾಣದಿದ್ದಾಗ ಹಳ್ಳಿಯ ಮನೆಯೊಂದರಲ್ಲಿ ಕವಿಯುವ ಭೀತಿಯನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸದು. ಸೂಜಿ ಹಾಕಿಸಿರೆಂದು ಒತ್ತಾಯಿಸುವ ಧ್ವನಿಯೂ ಹಲವೊಮ್ಮೆ ಬೇನೆ ತಿನ್ನುತ್ತಿರುವವಳದಲ್ಲ, ಅವಳ ತಾಯಿಯದೋ ಅತ್ತೆಯದೋ ಆಗಿರುತ್ತದೆ. ಪರರ ದೇಹದ ನೋವಿನಿಂದ ತನಗೆ ಶಕ್ತಿ ಸಿದ್ಧಿಸುವುದೆಂದು ಯಾವ ತಾಯಿಯೂ ಭಾವಿಸಿರಲಾರಳು.

ಈ ಪ್ರತಿಪಾದನೆಗೆ ಕೆಲವು ಮಿತಿಗಳನ್ನು ನಾನೇ ಹಾಕಬೇಕಾಗಿದೆ. ಮೇಲಿನ ಅಧ್ಯಯನವು ಹೆರಿಗೆಯ ತಾಣವನ್ನು ಕುರಿತದ್ದೇ ಹೊರತು ಆಕ್ಸಿಟೋಸಿನ್ನಿನ ಬೇಡಿಕೆಯನ್ನು ನೇರವಾಗಿ ಅಳೆದುದಲ್ಲ; ಒಂದರಿಂದ ಮತ್ತೊಂದನ್ನು ಊಹಿಸುವುದು ಅನುಮಾನಪ್ರಮಾಣವೇ ಸರಿ. ತಮಿಳು ಸ್ತ್ರೀಯ ಮನಸ್ಸು ಬೇರೆ, ಕನ್ನಡ ಸ್ತ್ರೀಯದು ಬೇರೆ ಎಂದು ಗಡಿಗೆರೆ ಎಳೆಯುವುದೂ ನನ್ನ ಅಭಿಮತವಲ್ಲ. ಮಳವಳ್ಳಿಯಿಂದ ಕೊಳ್ಳೇಗಾಲವನ್ನು ದಾಟಿದರೆ ತಮಿಳು ಸೀಮೆ ದೂರವೇನಲ್ಲ. ನೋವುಂಡು ಹೆತ್ತೆನೆಂಬ ಹೆಮ್ಮೆ ನಮ್ಮಲ್ಲಿಯೂ ಉಂಟು. ಆದರೆ ಆ ಹೆಮ್ಮೆ ಹೆತ್ತಾದ ಮೇಲಿನದು. ಹೆರುವ ಗಳಿಗೆಯ ಬೇಡಿಕೆಗೆ ಅದನ್ನೇ ಕಾರಣವೆಂದು ಹಿಂದಕ್ಕೆ ಒಯ್ಯುವುದು ಸಾಧುವೆ ಎಂಬುದಷ್ಟೇ ನನ್ನ ಸಂದೇಹ.

ಸುಂಕದ ಲೆಕ್ಕವನ್ನಾದರೂ ಇಂದು ಸ್ಥೂಲವಾಗಿ ಹೇಳಲು ಸಾಧ್ಯವಿದೆ. ಮಂದಗತಿಯ ಹೆರಿಗೆಗಳಲ್ಲಿ ಆಕ್ಸಿಟೋಸಿನ್ನನ್ನು ಬೇಗನೆ ಕೊಟ್ಟರೆ ಸರಾಸರಿ ಸುಮಾರು 2 ಗಂಟೆ ಉಳಿಯುತ್ತದೆ. ಶಸ್ತ್ರಕ್ರಿಯೆಯ ಪ್ರಮಾಣವೇನೂ ಇಳಿಯದು. ಸಂಕೋಚನಗಳ ನಡುವಣ ವಿರಾಮ ಕುಗ್ಗಿದಂತೆಲ್ಲ ತಾಯಿಗೆ ಉಸಿರಾಡಲೂ ಕೂಸಿಗೆ ರಕ್ತ ಹರಿಯಲೂ ಅವಕಾಶ ಕಡಮೆಯಾಗುತ್ತದೆ. ಹತ್ತು ನಿಮಿಷಗಳಲ್ಲಿ ಐದಕ್ಕೂ ಮೀರಿದ ಸಂಕೋಚನಗಳನ್ನು ವೈದ್ಯರು ಅಪಾಯದ ಸೂಚನೆಯೆಂದೇ ಎಣಿಸುತ್ತಾರೆ. ಇತ್ತ, ಬೇನೆಯ ಪೂರ್ವಾವಸ್ಥೆಯಲ್ಲಿ ಮಲಗಿಸದೆ ಎದ್ದು ಓಡಾಡಲು ಬಿಟ್ಟ ಸ್ತ್ರೀಯರಲ್ಲಿ ಆ ಅವಸ್ಥೆಯು ಸರಾಸರಿ 1 ಗಂಟೆ 22 ನಿಮಿಷದಷ್ಟು ಮೊಟಕಾಯಿತೆಂದೂ, ಬೆನ್ನಿನೊಳಗಿನ ಅರಿವಳಿಕೆಯನ್ನು ಕೇಳಿದವರು ಕಡಮೆಯೆಂದೂ 2013ರ ಕಾಕ್ರೇನ್ ಸಮೀಕ್ಷೆ ತೋರಿಸಿತು. ಸದಾ ಒಬ್ಬರು ಜೊತೆಗಿದ್ದರೆ ಹೆರಿಗೆ ಸರಾಸರಿ 41 ನಿಮಿಷ ಬೇಗನೆ ಮುಗಿಯುತ್ತದೆಂಬುದು 15,000ಕ್ಕೂ ಹೆಚ್ಚು ಸ್ತ್ರೀಯರನ್ನೊಳಗೊಂಡ 2017ರ ಸಮೀಕ್ಷೆಯ ಫಲ. ಗ್ವಾಟೆಮಾಲಾದಲ್ಲಿ 1980ರಲ್ಲಿ ವರದಿಯಾದ ಪ್ರಯೋಗದಲ್ಲಂತೂ ಒಂಟಿ ಸ್ತ್ರೀಯರಿಗೆ 19.3 ಗಂಟೆ ಹಿಡಿದುದು ಸಂಗಾತಿಯಿದ್ದವರಿಗೆ 8.8 ಗಂಟೆಯಲ್ಲಿ ಮುಗಿಯಿತು, ಆದರೆ ಅದು ಅಲ್ಪಸಂಖ್ಯೆಯ ಪ್ರಯೋಗವಾದುದರಿಂದ ಹೆಚ್ಚು ಭಾರ ಹೊರಿಸಲಾಗದು. ಸೂಜಿಮದ್ದು ಸುಂಕ ಪಡೆದು ಕೊಡುವ ಕಾಲದ ಬಹುಭಾಗವನ್ನು ಕಾಲ್ನಡಿಗೆಯೂ ಸಂಗಾತಿಯೂ ಸುಂಕವಿಲ್ಲದೆ ಕೊಡುತ್ತವೆಂಬುದು ಇಲ್ಲಿ ಮುಖ್ಯ.

ಈ ಚರ್ಚೆ ನಮ್ಮಲ್ಲಿ ಹೊಸದೂ ಅಲ್ಲ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ, ಪ್ರಸವವು ತಡವಾದರೆ ಗರ್ಭಿಣಿಯ ಕೈಗೆ ಒನಕೆ ಕೊಟ್ಟು ಧಾನ್ಯವನ್ನು ಕುಟ್ಟಿಸಬೇಕೆಂಬ ಕೆಲವರ ಮತವನ್ನು ಮುಂದಿಟ್ಟು, ಅಂತಹ ದಾರುಣ ಶ್ರಮವು ಆ ಹೊತ್ತಿನಲ್ಲಿ ಪ್ರಾಣಕ್ಕೇ ಕುತ್ತೆಂದು ಆತ್ರೇಯನು ಅದನ್ನು ಖಂಡಿಸುತ್ತಾನೆ. ನಡೆದಾಡುವುದನ್ನೂ ಆಕಳಿಸುವುದನ್ನೂ ಮಾತ್ರ ಅನುಮತಿಸುತ್ತಾನೆ. ಬೇನೆ ಬಾರದ ಮುನ್ನ ಮುಕ್ಕುವುದು ವ್ಯರ್ಥವೂ ಹಾನಿಕರವೂ ಎಂದು ಎಚ್ಚರಿಸಿ, ಹಲವು ಬಾರಿ ಹೆತ್ತ, ಅಕ್ಕರೆಯುಳ್ಳ ಸ್ತ್ರೀಯರು ಸುತ್ತ ಇರಬೇಕೆಂದೂ ವಿಧಿಸುತ್ತಾನೆ. ಒನಕೆಯ ಪಕ್ಷ ಇಂದು ಔಷಧದ ಸೀಸೆಯಲ್ಲಿ ಮರಳಿ ಬಂದಿದೆಯೆಂದರೆ ಅತಿಶಯೋಕ್ತಿಯಾದೀತು, ಏಕೆಂದರೆ ಹೆರಿಗೆಯ ಅನಂತರದ ರಕ್ತಸ್ರಾವವನ್ನು ತಡೆದು ಅಸಂಖ್ಯ ಪ್ರಾಣಗಳನ್ನು ಉಳಿಸುವುದೂ ಅದೇ ಔಷಧ. (ಹಸು ಎಮ್ಮೆಗಳ ಹಾಲಿಳಿಸಲು ಅದರ ದುರ್ಬಳಕೆಯಾಗುತ್ತಿದೆಯೆಂದು 2018ರಲ್ಲಿ ಕೇಂದ್ರಸರ್ಕಾರವು ಖಾಸಗಿ ತಯಾರಿಕೆಯನ್ನು ನಿಷೇಧಿಸಿ, ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಸಂಸ್ಥೆಯೊಂದಕ್ಕೇ ಅದನ್ನು ವಹಿಸಹೊರಟಿತು, ದೆಹಲಿಯ ಉಚ್ಚ ನ್ಯಾಯಾಲಯ ಅದೇ ವರ್ಷದ ಡಿಸೆಂಬರಿನಲ್ಲಿ ಆ ಆಜ್ಞೆಯನ್ನು ರದ್ದುಗೊಳಿಸಿತು. ಕೊಟ್ಟಿಗೆಗಾಗಿ ಎದ್ದ ಕಳವಳ ಹೆರಿಗೆಯ ಕೋಣೆಗಾಗಿ ಏಳಲಿಲ್ಲವೆಂಬುದನ್ನು ಹೈನುಗಾರಿಕೆಯ ಈ ಜಿಲ್ಲೆಯವರು ಗಮನಿಸಬಹುದು.)

ಚೊಚ್ಚಲ ಹೆರಿಗೆ ತವರಿನಲ್ಲಿಯೇ ಆಗಬೇಕೆಂಬ ಪದ್ಧತಿಯನ್ನು, ಸಂಗಾತಿಯನ್ನು ಕುರಿತ ಈ ಮಾತುಗಳ ಬೆಳಕಿನಲ್ಲಿ, ಮತ್ತೊಮ್ಮೆ ನೋಡಬೇಕು. ಹೆಚ್ಚು ನೋವುಣ್ಣುವವಳು ಚೊಚ್ಚಲಿನವಳು. ಅವಳ ಪಕ್ಕಕ್ಕೆ ಅವಳ ತಾಯಿಯನ್ನೇ ತಂದು ನಿಲ್ಲಿಸಿದ ಏರ್ಪಾಡು ಅದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ ರಾಜ್ಯದ ಹೆರಿಗೆಗಳಲ್ಲಿ ನೂರಕ್ಕೆ 97 ಆಸ್ಪತ್ರೆಗಳಲ್ಲಿ ನಡೆದಿದ್ದುವು. ಇದರಿಂದ ಉಳಿದ ಪ್ರಾಣಗಳನ್ನು ನೆನೆದರೆ ಹಿಂದಣ ಕತ್ತಲೆಕೋಣೆಗಾಗಿ ಹಂಬಲಿಸುವುದು ಅವಿವೇಕ. ಆದರೆ ತಾಯಿಯು ಬಾಗಿಲ ಹೊರಗೆ, ಮಗಳು ಒಳಗೆ ಎತ್ತರದ ಮೇಜಿನ ಮೇಲೆ ಅಂಗಾತ ಎಂಬ ಸ್ಥಿತಿಯು ನೋವನ್ನು ಹೆಚ್ಚಿಸುವ ಎರಡು ಕಾರಣಗಳನ್ನು ಒಟ್ಟಿಗೇ ಕೂಡಿಸುತ್ತದೆ. ಗದರಿಕೆಯೂ ಸೇರಿದರೆ ಮೂರಾಗುತ್ತದೆ, ಹೆದರಿಕೆಯಿಂದ ಉಕ್ಕುವ ಅಡ್ರಿನಲಿನ್ ಬೇನೆಯ ಗತಿಯನ್ನು ತಡೆಯಬಲ್ಲುದಾದುದರಿಂದ ಸೂಜಿಯ ಅಗತ್ಯವೂ ಅಲ್ಲಿಯೇ ಹುಟ್ಟಿಕೊಳ್ಳುತ್ತದೆ. ಡಿಕ್-ರೀಡನ ಮಾತಿನಲ್ಲಿ ಉಳಿಸಿಕೊಳ್ಳತಕ್ಕ ಸತ್ಯಾಂಶ ಇಷ್ಟು. 2017ರಲ್ಲಿ ಆರಂಭವಾದ ‘ಲಕ್ಷ್ಯ’ ಯೋಜನೆಯು ಹೆರಿಗೆಯ ಸಂಗಾತಿಗೆ ಒಳಗೆ ಸ್ಥಾನ ಕೊಡಬೇಕೆಂದಿದೆ. ಅದು ತಾಲ್ಲೂಕು ಆಸ್ಪತ್ರೆಗಳಲ್ಲಿ ನೆಲೆಗೊಂಡಷ್ಟೂ ಬೇಡಿಕೆಯನ್ನು ಕುರಿತ ನನ್ನ ಊಹೆಗೆ ಪರೀಕ್ಷೆಯೊದಗುತ್ತದೆ. ತಾಯಿ ಒಳಗಿದ್ದು, ಮಗಳು ನಡೆದಾಡುತ್ತಿದ್ದೂ ಸೂಜಿಯ ಬೇಡಿಕೆ ಇಳಿಯದಿದ್ದರೆ ವ್ಯಾನ್ ಹಾಲೆನ್ನರ ಪಕ್ಷವೇ ಗೆದ್ದಂತೆ.

ಉಳಿದಿರುವ ಪ್ರಶ್ನೆ, ದುಡಿದವಳಿಗೆ ಹೆರಿಗೆ ಹಗುರವೆ ಎಂಬ, ಆರಂಭದಲ್ಲಿ ಕಂಡ ಹಳ್ಳಿಯ ಅಜ್ಜಿಯದು. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್ಸ್‌ಟೈನ್ 1954-56ರಲ್ಲಿ ಮಂಡ್ಯದ ಸಮೀಪದ ಎರಡು ಹಳ್ಳಿಗಳನ್ನು, ನಾಲೆಯ ನೀರು ಹರಿದುದೊಂದು, ಹರಿಯದುದೊಂದು, ಹೋಲಿಸಿ ನೀರಾವರಿಯು ಬದುಕನ್ನು ಹೇಗೆ ಬೇರೆಬೇರೆಯಾಗಿ ತಿರುಗಿಸಿತೆಂದು ತೋರಿಸಿದರು. ದುಡಿಮೆಯಿಂದ ಬೇನೆ ಹಗುರವಾಗುವುದೆಂಬ ಮಾತನ್ನು ತೂಗಬೇಕಾದರೆ ಮದ್ದೂರಿನ ಕಬ್ಬಿನ ನೆಲದವರನ್ನೂ ಮಳವಳ್ಳಿಯ ಹೊಲದವರನ್ನೂ ಅದೇ ರೀತಿಯಲ್ಲಿ ಎದುರುಬದುರಿಟ್ಟು, ವಯಸ್ಸು, ಎಷ್ಟನೆಯ ಹೆರಿಗೆ, ರಕ್ತಹೀನತೆ, ಕೂಸಿನ ತೂಕ ಇವುಗಳನ್ನು ಸಮಗೊಳಿಸಿ, ಮೆಲ್ಜಾಕರ ಪ್ರಶ್ನಾವಳಿಯನ್ನು ಇಲ್ಲಿಯ ಆಡುಮಾತಿಗೆ ಹೊಂದಿಸಿ ಕೇಳಬೇಕಾಗುತ್ತದೆ. ಕೇಳುವವರು ಹೆಂಗಸರಾಗಿರಬೇಕು, ಆಸ್ಪತ್ರೆಯ ಸಿಬ್ಬಂದಿಯಾಗಿರಬಾರದು, ಮತ್ತು ಬಾಣಂತಿಯ ಅತ್ತೆಯು ಆ ಹೊತ್ತಿಗೆ ಬೇರೆ ಕೋಣೆಯಲ್ಲಿರಬೇಕು.