ಸಂಚಕಾರ

ನಮ್ಮ ಸೊಕ್ಕೆಯ ಕಡೆ ‘ರಿಯಲ್ ಎಸ್ಟೇಟ್’ ಅಂದರೆ ದಾವಣಗೆರೆಯ ಫ್ಲೆಕ್ಸ್ ಬೋರ್ಡುಗಳ ಮಾತು. ಊರಲ್ಲಿ ಅದಕ್ಕೆ ‘ಜಮೀನು ಯವಾರ’ ಅನ್ನುತ್ತಾರೆ. ಆ ಯವಾರದಲ್ಲೂ ಒಂದು ಬಗೆಯಿದೆ. ಅದಕ್ಕೆ ದುಡ್ಡು ಬೇಡ, ಅಥವಾ ಬಹಳ ಕಡಿಮೆ ಸಾಕು. ‘ಅಗ್ರಿಮೆಂಟ್ ಹಾಕ್ಕೊಳ್ಳೋದು’ ಅಂತ ಅದರ ಹೆಸರು. ನನ್ನ ಸೋದರಮಾವ ಇಪ್ಪತ್ತು ವರ್ಷದಿಂದ ಬದುಕಿರುವುದು ಅದರಿಂದ. ನಾನು ಪಿಯುಸಿಗೆ ಸೇರಿದ್ದೂ, ಸುತ್ತುಬಳಸಿ ನೋಡಿದರೆ ಈಗ ಪಿಎಚ್‌ಡಿ ಮಾಡುತ್ತಿರುವುದೂ ಅದರಿಂದಲೇ.

ಮಧ್ಯಕಾಲದ ಭೂದಾನ ಶಾಸನಗಳು ನನ್ನ ಸಂಶೋಧನೆಯ ವಿಷಯ. ಶಾಸನಗಳಲ್ಲಿ ಭೂಮಿ ಕೈ ಬದಲಾಯಿಸುವ ಬಗೆಯನ್ನು ಓದುತ್ತಾ ಹೋದಂತೆ ಮಾವನ ಯವಾರ ಮತ್ತೆ ಮತ್ತೆ ನೆನಪಿಗೆ ಬರುತ್ತಿತ್ತು. ಗೈಡ್ ಮುಂದೆ ಹೇಳಲಿಕ್ಕಾಗದ ಈ ಸಂಬಂಧವನ್ನು ಇಲ್ಲಿ ಹೇಳುತ್ತೇನೆ.

ಯವಾರ ನಡೆಯುವುದು ಹೀಗೆ. ಜಮೀನು ಮಾರಬೇಕೆಂದಿರುವ ಒಬ್ಬರು ಇರುತ್ತಾರೆ. ಮಗಳ ಮದುವೆ, ಬೋರ್‌ವೆಲ್ ಸಾಲ, ಆಸ್ಪತ್ರೆ, ಇಂಥದ್ದೇನೋ ಕಾರಣ. ಮಾವ ಅವರ ಹತ್ತಿರ ಹೋಗಿ ಎಕರೆಗೆ ಇಷ್ಟು ಎಂದು ರೇಟು ಕುದುರಿಸಿ, ಸಣ್ಣದೊಂದು ಮುಂಗಡ ಕೊಟ್ಟು, ಛಾಪಾ ಕಾಗದದ ಮೇಲೆ ಕ್ರಯದ ಕರಾರು ಬರೆಸಿಕೊಳ್ಳುತ್ತಾನೆ. ಆರು ತಿಂಗಳ ಗಡುವು. ಆ ಆರು ತಿಂಗಳಲ್ಲಿ ಅದೇ ಜಮೀನಿಗೆ ಹೆಚ್ಚಿನ ಬೆಲೆ ಕೊಡುವ ಗಿರಾಕಿಯನ್ನು ಹುಡುಕಬೇಕು. ಸಿಕ್ಕರೆ, ರಿಜಿಸ್ಟ್ರಿ ದಿನ ಮಾಲೀಕರಿಂದ ನೇರವಾಗಿ ಗಿರಾಕಿಯ ಹೆಸರಿಗೆ ಕ್ರಯಪತ್ರ. ಮಾವನ ಹೆಸರು ಆ ಪತ್ರದಲ್ಲಿ ಬಂದರೆ ಕೊನೆಯಲ್ಲಿ ಒಪ್ಪಿಗೆ ಸಾಕ್ಷಿಯಾಗಿ ಬರುತ್ತದೆ, ಎಷ್ಟೋ ಸಲ ಅದೂ ಇಲ್ಲ. ಎರಡು ರೇಟುಗಳ ನಡುವಿನ ಅಂತರ ಅವನದು. ಸಿಗದಿದ್ದರೆ ಮುಂಗಡ ಹೋಯಿತು.

ಇದು ದಲ್ಲಾಳಿಗಿಂತ ಬೇರೆ. ದಲ್ಲಾಳಿ ಎರಡೂ ಕಡೆಯವರಿಗೆ ಬೆಲೆ ತಿಳಿಸಿ ಶೇಕಡಾ ಒಂದೋ ಎರಡೋ ಕಮಿಷನ್ ತೆಗೆದುಕೊಳ್ಳುವವನು. ಅಗ್ರಿಮೆಂಟ್ ಹಾಕಿಕೊಂಡವನು ಒಂದು ಬೆಲೆಯನ್ನು ಒಬ್ಬರಿಗೆ, ಇನ್ನೊಂದನ್ನು ಇನ್ನೊಬ್ಬರಿಗೆ ಹೇಳುತ್ತಾನೆ. ಅಮೆರಿಕದಲ್ಲಿ ಇದನ್ನು ‘ಹೋಲ್‌ಸೇಲಿಂಗ್’ ಅನ್ನುತ್ತಾರೆ, ಕೈಯಲ್ಲಿ ಬಂಡವಾಳವಿಲ್ಲದವರು ಆಸ್ತಿ ವ್ಯವಹಾರಕ್ಕೆ ಇಳಿಯುವ ಮೊದಲ ಮೆಟ್ಟಿಲೆಂದೇ ಅಲ್ಲಿ ಅದನ್ನು ಹೇಳಿಕೊಡುತ್ತಾರೆ. ಇಲಿನಾಯ್ ರಾಜ್ಯ 2019ರಲ್ಲಿ ಕಾನೂನು ತಿದ್ದಿ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಇಂಥ ವ್ಯವಹಾರ ಮಾಡುವವರು ಲೈಸೆನ್ಸ್ ಪಡೆಯಬೇಕೆಂದಿತು. ನಮ್ಮಲ್ಲಿ 2016ರ ರೇರಾ ಕಾಯ್ದೆ ಏಜೆಂಟರ ನೋಂದಣಿಯನ್ನು ಕಡ್ಡಾಯ ಮಾಡಿದ್ದು ನೋಂದಾಯಿತ ಲೇಔಟು, ಅಪಾರ್ಟ್‌ಮೆಂಟುಗಳ ಮಾರಾಟಕ್ಕೆ. ಮೆಕ್ಕೆಜೋಳದ ಹೊಲದ ಬದುವಿನ ಮೇಲೆ ಕೂತು ಮಾಡುವ ಮಾತುಕತೆಗೆ ಅದು ತಾಕುವುದಿಲ್ಲ.

ಮುಂಗಡಕ್ಕೆ ಹಳಗಾಲದ ಕನ್ನಡ ಪದ ‘ಸಂಚಕಾರ’. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಹಾಕಿದ ಕಿಟೆಲರ ನಿಘಂಟಿನಲ್ಲಿ ನೋಡಬಹುದು. ಸಂಸ್ಕೃತದ ‘ಸತ್ಯಂಕಾರ’ದ ತದ್ಭವ ಅದು. ಮಾತನ್ನು ಸತ್ಯ ಮಾಡುವುದು, ಅಂದರೆ ವ್ಯಾಪಾರ ನಿಜ ಎಂಬುದಕ್ಕೆ ಕೊಡುವ ಒತ್ತೆ. ಈಗ ಪತ್ರಿಕೆಗಳಲ್ಲಿ ‘ಪ್ರಾಣಕ್ಕೆ ಸಂಚಕಾರ’, ‘ಕಾಡಿಗೆ ಸಂಚಕಾರ’ ಎಂದು ಓದುವ ನಮಗೆ ಅದು ಒಂದು ಕಾಲದಲ್ಲಿ ಅಡ್ವಾನ್ಸ್ ಆಗಿತ್ತೆಂದು ಹೊಳೆಯುವುದೇ ಇಲ್ಲ. ಸತ್ಯದಿಂದ ಹೊರಟ ಪದ ಅಪಾಯಕ್ಕೆ ಬಂದು ನಿಂತದ್ದು ಹೇಗೆ? ಮುಂಗಡ ಬಿದ್ದ ವಸ್ತು ಆಗಲೇ ಅರ್ಧ ಕೈಬಿಟ್ಟಂತೆ, ಅದರ ಹೋಗುವಿಕೆ ಗೊತ್ತಾಗಿಬಿಟ್ಟಂತೆ. ಪ್ರಾಣದ ಮೇಲೆ ಯಾರೋ ಮುಂಗಡ ಕೊಟ್ಟಿದ್ದಾರೆ ಎಂಬಲ್ಲಿಂದ ಈ ಅರ್ಥ ಹುಟ್ಟಿರಬೇಕು ಎಂಬುದು ನನ್ನ ಊಹೆ. ಭಾಷಾಶಾಸ್ತ್ರದವರು ಒಪ್ಪದಿದ್ದರೂ, ಜಮೀನು ಮಾರಿದ ಮನೆಗಳನ್ನು ಕಂಡವರು ಒಪ್ಪುತ್ತಾರೆ.

ಸತ್ಯಂಕಾರದ ಕಾನೂನು ಯಾಜ್ಞವಲ್ಕ್ಯ ಸ್ಮೃತಿಯಲ್ಲಿದೆ. ಅದಕ್ಕೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ಕಲ್ಯಾಣದಲ್ಲಿ, 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ನಮ್ಮ ಸೀಮೆ ಆಗ ನೊಳಂಬವಾಡಿಗೆ ಸೇರಿದ್ದು, ಉಚ್ಚಂಗಿಯ ಪಾಂಡ್ಯರು ಆ ಚಾಲುಕ್ಯರ ಸಾಮಂತರಾಗಿದ್ದರು. ಹಾಗಾಗಿ ಇದನ್ನು ದೂರದ ಶಾಸ್ತ್ರವೆಂದು ನನಗೆ ಅನ್ನಿಸುವುದಿಲ್ಲ. ವಿಜ್ಞಾನೇಶ್ವರ ಕೊಡುವ ಉದಾಹರಣೆ ಉಂಗುರದ್ದು. ಕ್ರಯದ ಮಾತು ಮುರಿಯದಿರಲೆಂದು ಒಬ್ಬ ಇನ್ನೊಬ್ಬನ ಕೈಗೆ ಉಂಗುರ ಕೊಟ್ಟಿದ್ದಾನೆ. ಕೊಟ್ಟವನೇ ಮಾತು ತಪ್ಪಿದರೆ ಉಂಗುರ ಹೋಯಿತು. ತೆಗೆದುಕೊಂಡವನು ತಪ್ಪಿದರೆ ಅದರ ಎರಡರಷ್ಟು ಹಿಂದಿರುಗಿಸಬೇಕು. ಮಾವನ ಕರಾರುಗಳಲ್ಲೂ ಇದೇ ಷರತ್ತು, ‘ಮುಂಗಡ ಮುಟ್ಟುಗೋಲು’, ‘ದುಪ್ಪಟ್ಟು ವಾಪಸ್’ ಎಂಬ ಮಾತುಗಳಲ್ಲಿ. ಮಾವ ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಕರಾರು ಬರೆಯುವ ಬರಹಗಾರರೂ ಮಿತಾಕ್ಷರ ಓದಿದವರಲ್ಲ.

ಮಿತಾಕ್ಷರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಭಾಗ. ಭೂಮಿ ಕೈ ಬದಲಾಗಬೇಕಾದರೆ ಆರು ಬೇಕು ಎಂಬ ಹಳೆಯ ಮಾತನ್ನು ಅದು ಚರ್ಚಿಸುತ್ತದೆ: ಗ್ರಾಮ, ಜ್ಞಾತಿಗಳು, ನೆರೆಯವರು, ದಾಯಾದಿಗಳು, ಇವರ ಒಪ್ಪಿಗೆ, ಜೊತೆಗೆ ಹೊನ್ನು ಮತ್ತು ನೀರು. ವಿಜ್ಞಾನೇಶ್ವರ ವಕೀಲನಂತೆ ಒಂದೊಂದನ್ನೂ ಬಿಡಿಸುತ್ತಾನೆ. ಊರಿನ ಒಪ್ಪಿಗೆ ಇಲ್ಲದೆ ಮಾರಾಟ ಸಿಂಧುವಲ್ಲ ಎಂದಲ್ಲ, ವ್ಯವಹಾರ ಎಲ್ಲರಿಗೂ ಗೊತ್ತಾಗಲಿ ಎಂದು. ನೆರೆಯವರ ಒಪ್ಪಿಗೆ ಗಡಿಯ ಜಗಳ ಬಾರದಿರಲಿ ಎಂದು. ಜ್ಞಾತಿಗಳದ್ದು, ಪಾಲಾಗಿದೆಯೋ ಇಲ್ಲವೋ ಎಂಬ ಅನುಮಾನ ಉಳಿಯದಿರಲಿ ಎಂದು. ಹೊನ್ನು ನೀರು ಯಾಕೆಂದರೆ, ಭೂಮಿ ಮಾರುವುದು ನಿಷಿದ್ಧ, ದಾನ ಶ್ರೇಷ್ಠ. ಆದ್ದರಿಂದ ಮಾರಾಟಕ್ಕೂ ದಾನದ ವೇಷ ಹಾಕಬೇಕು. ಈ ಕೊನೆಯದನ್ನು ಓದುವಾಗ ನಗು ಬರುತ್ತದೆ, ಆದರೆ ಮೊದಲನೆಯದು ನಗುವ ವಿಷಯವಲ್ಲ. ಭೂಮಿಯ ವ್ಯವಹಾರ ಹತ್ತು ಜನರ ಕಣ್ಣೆದುರು ನಡೆಯಬೇಕು.

ಹತ್ತು ಜನರ ಕಣ್ಣಿನ ಜಾಗಕ್ಕೆ ಕಾಗದ ಬಂದದ್ದು ನಿಧಾನಕ್ಕೆ. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಬಾಂಬೆ ಮಾದರಿಯ ಸರ್ವೆ ಶುರುವಾಯಿತು. ‘ಹುಣಸೆಮರದ ಹೊಲ’, ‘ಗೌಡರ ಬೆದ್ದಲು’ ಇದ್ದದ್ದು ಸರ್ವೆ ನಂಬರಾಯಿತು. ನಂಬರಾದ ಮೇಲೆ ಊರನ್ನೇ ನೋಡದವನೂ ಕೊಳ್ಳಬಹುದು. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಕ್ರಯಕ್ಕೆ ನೋಂದಣಿ ಬೇಕೆಂದಿತು, ಜೊತೆಗೆ ಒಂದು ಮುಖ್ಯ ಮಾತು ಸೇರಿಸಿತು: ಕ್ರಯದ ಕರಾರಿನಿಂದಷ್ಟೇ ಸ್ವತ್ತಿನಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ಹಾಗಾದರೆ ಮಾವನ ಕೈಯಲ್ಲಿರುವುದು ಏನು? ಜಮೀನಲ್ಲ. ‘ನನಗೆ ಅಥವಾ ನಾನು ಹೇಳಿದವರಿಗೆ ಕ್ರಯ ಮಾಡಿಕೊಡು’ ಎಂದು ಕೇಳುವ, ಬೇಕಾದರೆ ಕೋರ್ಟಿಗೆ ಹೋಗುವ ಅಧಿಕಾರ ಮಾತ್ರ. ಅವನು ಮಾರುವುದು ಅದನ್ನೇ. ‘ನನ್ನವರು ಅಥವಾ ನನ್ನಿಂದ ನಾಮಕರಣಗೊಂಡವರು’ ಎಂಬ ಒಂದು ಸಾಲು ಕರಾರಿನಲ್ಲಿ ಇಲ್ಲದಿದ್ದರೆ ಮಾವ ಸಹಿ ಹಾಕುವುದಿಲ್ಲ.

ನೋಂದಣಿಯಾಗದ ಕರಾರು ಋಣಭಾರ ಪತ್ರದಲ್ಲಿ, ಅಂದರೆ ‘ಈಸಿ’ಯಲ್ಲಿ ಕಾಣುವುದಿಲ್ಲ. ಪಹಣಿಯ 11ನೇ ಕಾಲಮ್ಮಿನಲ್ಲಿ ಬ್ಯಾಂಕಿನ ಸಾಲ ಕಾಣುತ್ತದೆ, ಮಾವನ ಇಪ್ಪತ್ತೈದು ಸಾವಿರ ಕಾಣುವುದಿಲ್ಲ. ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಬಂದು, ಹದಿನೈದು ರೂಪಾಯಿ ಕೊಟ್ಟು ಯಾರು ಯಾರ ಪಹಣಿಯನ್ನಾದರೂ ತೆಗೆಸಬಹುದಾದಾಗ ಗುಟ್ಟು ಕಡಿಮೆಯಾಗುತ್ತದೆ ಎಂದುಕೊಂಡರು. ಮಾವನಿಗೆ ಅದು ಬೇರೆ ರೀತಿಯಲ್ಲಿ ಒದಗಿತು. ಯಾರ ಜಮೀನಿನ ಮೇಲೆ ಸಾಲ ಏರಿದೆ, ಯಾರ ಹೆಸರಿಗೆ ಪೌತಿ ಖಾತೆಯಾಗಿದೆ ಎಂದು ಹೊಲಕ್ಕೆ ಹೋಗದೆಯೇ ಗೊತ್ತಾಗತೊಡಗಿತು.

ಅವನ ಮೊದಲ ಯವಾರ ಸೋತಿತು. ನಾನಾಗ ಪ್ರೈಮರಿ ಸ್ಕೂಲಿನಲ್ಲಿದ್ದೆ. ದಾವಣಗೆರೆಯ ಮಂಡಿಯಲ್ಲಿ ಮೂಟೆ ಹೊತ್ತು ಕೂಡಿಟ್ಟ ನಲವತ್ತು ಸಾವಿರವನ್ನು, ಬೆಲೆ ಕಡಿಮೆ ಇದೆಯೆಂದು ಒಂದು ಜಮೀನಿಗೆ ಮುಂಗಡ ಕೊಟ್ಟ. ಕಡಿಮೆ ಯಾಕೆ ಎಂದು ಕೇಳಲಿಲ್ಲ. ಅದು ಪರಿಶಿಷ್ಟ ಜಾತಿಯ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ್ದ ಭೂಮಿ. 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ, ಮಾರಿದರೂ ವಾಪಸ್ ಹೋಗುತ್ತದೆ. ಗಿರಾಕಿ ಕಾಗದ ನೋಡಿ ಎದ್ದು ಹೋದ. ಮುಂಗಡ ಆಗಲೇ ಆ ಮನೆಯ ಬಾಣಂತನಕ್ಕೆ ಖರ್ಚಾಗಿತ್ತು. ಮಾವ ಕೇಳಲು ಹೋಗಿ, ಒಳಗೆ ಮಗು ಅಳುವುದನ್ನು ಕೇಳಿಸಿಕೊಂಡು ಹಿಂದಿರುಗಿದ. ಇದನ್ನು ಅವನ ಒಳ್ಳೆಯತನಕ್ಕೆಂದು ಹೇಳುತ್ತಿಲ್ಲ. ಕೇಳಿದ್ದರೂ ಅಲ್ಲಿ ದುಡ್ಡಿರಲಿಲ್ಲ.

2013ರಲ್ಲಿ ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ಆ ವರ್ಷ ಅವನು ನಮ್ಮ ಹೋಬಳಿಯಲ್ಲೇ, ಗಂಡ ತೀರಿಕೊಂಡ ಒಬ್ಬ ಅಜ್ಜಿಯ ಮೂರು ಎಕರೆ ಬೆದ್ದಲಿಗೆ ಅಗ್ರಿಮೆಂಟ್ ಹಾಕಿಕೊಂಡ. ಎಕರೆಗೆ ಒಂದೂವರೆ ಲಕ್ಷ. ಮುಂಗಡ ಇಪ್ಪತ್ತೈದು ಸಾವಿರ. ಅದರಲ್ಲಿ ಹತ್ತು ಅವನದು, ಹದಿನೈದು ನನ್ನ ಅಮ್ಮನ ಬೆಂಡೋಲೆ ಗಿರವಿ ಇಟ್ಟು ತಂದದ್ದು. ವಿಜ್ಞಾನೇಶ್ವರನ ಉಂಗುರವನ್ನು ಓದುವಾಗ ನನಗೆ ಆ ಬೆಂಡೋಲೆ ಕಂಡದ್ದು ಸುಮ್ಮನೆ ಅಲ್ಲ. ಆರು ತಿಂಗಳು ಅಮ್ಮ ಬರಿಗಿವಿಯಲ್ಲಿ, ಕಡ್ಡಿ ಸಿಕ್ಕಿಸಿಕೊಂಡು ಓಡಾಡಿದಳು.

ಐದನೇ ತಿಂಗಳಲ್ಲಿ ಗಿರಾಕಿ ಸಿಕ್ಕ. ಆಗಿನ್ನೂ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಇದ್ದವು, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವಂತಿರಲಿಲ್ಲ. ಈ ಗಿರಾಕಿಯ ಹೆಸರಲ್ಲಿ ಮೊದಲೇ ಪಹಣಿ ಇತ್ತು. ಅವನು ಒಪ್ಪಿದ್ದು ಎಕರೆಗೆ ಎರಡು ಲಕ್ಷ ನಲವತ್ತು ಸಾವಿರ. ಲೆಕ್ಕ ನೀವೇ ಹಾಕಬಹುದು: ಅಜ್ಜಿಗೆ ನಾಲ್ಕೂವರೆ ಲಕ್ಷ, ಗಿರಾಕಿಯಿಂದ ಏಳು ಲಕ್ಷ ಇಪ್ಪತ್ತು ಸಾವಿರ, ನಡುವೆ ಎರಡು ಲಕ್ಷ ಎಪ್ಪತ್ತು ಸಾವಿರ.

ರಿಜಿಸ್ಟ್ರಿ ದಿನ ಚೀಲ ಹಿಡಿದುಕೊಳ್ಳಲು ನನ್ನನ್ನೂ ಕರೆದುಕೊಂಡು ಹೋಗಿದ್ದ. ಅಜ್ಜಿ ಹೆಬ್ಬೆಟ್ಟು ಒತ್ತಿ, ಫೋಟೋ ತೆಗೆಸಿಕೊಂಡು ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದರು. ಗಿರಾಕಿಯ ಕಡೆಯವನು ಅಲ್ಲೇ ನೋಟಿನ ಕಟ್ಟುಗಳನ್ನು ತೆಗೆದ. ಮಾವ ಅಷ್ಟು ಹೊತ್ತು ಕಾಪಾಡಿದ್ದ ಗುಟ್ಟು ಒಂದು ನಿಮಿಷದಲ್ಲಿ ಬಯಲಾಯಿತು. ಅಜ್ಜಿಗೆ ಓದು ಬರದಿದ್ದರೂ ಕಟ್ಟು ಎಣಿಸಲು ಬರುತ್ತಿತ್ತು.

“ನಂದು ಇಷ್ಟು. ಉಳಿದದ್ದು ಯಾರ್ದಪ್ಪ?”

ಮಾವ, “ಅದು ನಮ್ಮ ಖರ್ಚಿಂದು ಬಿಡು ದೊಡ್ಡವ್ವ” ಅಂದ. ಅಜ್ಜಿ ಮತ್ತೆ ಕೇಳಲಿಲ್ಲ. ಸೆರಗಿನ ಗಂಟಿಗೆ ಹಿಡಿಸದ ದುಡ್ಡನ್ನು ನನ್ನ ಕೈಲಿದ್ದ ಚೀಲಕ್ಕೇ ಹಾಕಿಸಿಕೊಂಡು ಬಸ್ಸು ಹತ್ತಿದರು. ಮುಂದಿನ ವಾರ ಅಮ್ಮನ ಬೆಂಡೋಲೆ ವಾಪಸ್ ಬಂತು. ನನ್ನ ಪಿಯು ಕಾಲೇಜಿನ ಫೀಸು, ಹಾಸ್ಟೆಲ್ಲು ಕಟ್ಟಿದ್ದಾಯಿತು.

ಮಾವನ ವಾದವನ್ನು ಪೂರ್ತಿ ತಳ್ಳಿಹಾಕಲು ನನ್ನಿಂದ ಆಗಿಲ್ಲ. “ಒಂದೂವರೆ ಅಂದಿದ್ದು ಅವರೇ. ಪಕ್ಕದ ಹೊಲದವನು ಒಂದು ಇಪ್ಪತ್ತಕ್ಕೆ ಕೇಳಿ ಕಾಯ್ತಾ ಕೂತಿದ್ದ. ಗಿರಾಕಿ ಸಿಗದಿದ್ರೆ ನಿಮ್ಮಮ್ಮನ ಓಲೆ ಹೋಗ್ತಿತ್ತು, ಆಗ ಅಜ್ಜಿ ವಾಪಸ್ ಕೊಡ್ತಿತ್ತೇನೋ ಅಳಿಯ?” ಅನ್ನುತ್ತಾನೆ. ನಿಜ. ದುಡ್ಡಿದ್ದವರು ಜಮೀನನ್ನೇ ಕೊಂಡು ಹತ್ತು ವರ್ಷ ಕಾಯುತ್ತಾರೆ, ಅವರನ್ನು ಯಾರೂ ಮೋಸಗಾರರು ಅನ್ನುವುದಿಲ್ಲ. ದುಡ್ಡಿಲ್ಲದವನು ಆರು ತಿಂಗಳು ಕಾಯುವ ಹಕ್ಕನ್ನು ಕೊಂಡರೆ ಕಣ್ಣು ಕೆಂಪಾಗುತ್ತದೆ. ಆದರೂ ಅವನ ಸಂಪಾದನೆ ನಿಂತಿರುವುದು ಒಂದು ಬೆಲೆ ಒಬ್ಬರಿಗೆ ಗೊತ್ತಿಲ್ಲ ಎಂಬುದರ ಮೇಲೆ. ಅಜ್ಜಿಗೆ ಆ ದಿನ ಬೇಕಾಗಿದ್ದದ್ದು ಹೊನ್ನೂ ಅಲ್ಲ, ನೀರೂ ಅಲ್ಲ, ಆರರಲ್ಲಿ ಮೊದಲನೆಯದು.

2020ರಲ್ಲಿ 79ಎ, 79ಬಿ ಎರಡೂ ಹೋದವು. ಈಗ ಬೆಂಗಳೂರಿನ ಯಾರು ಬೇಕಾದರೂ ಜಗಳೂರಿನ ಬೆದ್ದಲು ಕೊಳ್ಳಬಹುದು. ತುಂಗಭದ್ರೆಯ ನೀರನ್ನು ಏತದಿಂದ ತಂದು ಐವತ್ತೇಳು ಕೆರೆ ತುಂಬಿಸುವ ಯೋಜನೆ ನಮ್ಮ ತಾಲ್ಲೂಕಿನದು. ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಘೋಷಣೆಯಾಯಿತು. ಘೋಷಣೆಯಾದ ದಿನ ನೀರು ಬರಲಿಲ್ಲ, ಮಾವನ ಫೋನಿಗೆ ಮಾತ್ರ ಬಿಡುವಿರಲಿಲ್ಲ. ಅವನ ಜೊತೆ ಈಗ ಇಪ್ಪತ್ತರ ಹರೆಯದ ಹುಡುಗರು ಮೂವರಿದ್ದಾರೆ. ಹತ್ತು ಸಾವಿರ ಕೂಡಿಸಿ ಯವಾರಕ್ಕೆ ಇಳಿಯಬೇಕೆಂದವರು. ಅವರಿಗೆ ಮಾವ ಮೊದಲು ಹೇಳಿಕೊಡುವುದು ಪಿಟಿಸಿಎಲ್.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ಆ ಅಜ್ಜಿ ಸಿಕ್ಕರು. ಗುರುತು ಹಿಡಿದು, ಏನು ಓದುತ್ತಿದ್ದೀಯ ಅಂದರು. ಹಳೇ ಕಾಲದ ಜಮೀನು ಕಾಗದ ಓದ್ತೀನಜ್ಜಿ, ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೆರೆಗೆ ನೀರು ಬಿಡ್ತಾರಂತಲ್ಲ, ಈಗ ನಮ್ಮ ಕಡೆ ಎಕರೆ ಎಷ್ಟಕ್ಕೆ ಹೋಗ್ತೈತೆ?” ಎಂದು ಕೇಳಿದರು.

ಮಾವ ಹಿಂದಿನ ರಾತ್ರಿಯಷ್ಟೇ ಊಟದ ಮುಂದೆ ಕೂತು ಫೋನಿನಲ್ಲಿ ಯಾರಿಗೋ ರೇಟು ಹೇಳುತ್ತಿದ್ದ. ಎರಡೂ ರೇಟು ನನಗೆ ಗೊತ್ತಿತ್ತು. ದೊಡ್ಡದನ್ನು ಹೇಳಿದೆ. ಅಜ್ಜಿ ಬೆರಳು ಮಡಿಸುತ್ತಾ ಮೂರು ಎಕರೆಗೆ ಲೆಕ್ಕ ಹಾಕತೊಡಗಿದರು.