ರಕ್ತಹೀನತೆ: ಹೊಟ್ಟೆ ತುಂಬಿದರೂ ನೀಗದ ಕೊರತೆ

ಎರಡು ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನದ ವೇಳೆಗೆ ತಲೆಸುತ್ತು, ಸುಮ್ಮನೆ ಕುಳಿತಾಗಲೂ ಆಯಾಸ. ಇಂತಹ ತೊಂದರೆಗಳನ್ನು 'ಮನೆಗೆಲಸ ಜಾಸ್ತಿ', 'ವಯಸ್ಸಾಯಿತು' ಎಂದು ತಳ್ಳಿಹಾಕುವ ಮಹಿಳೆಯರು ಪ್ರತಿ ಮನೆಯಲ್ಲೂ ಇದ್ದಾರೆ. ಇವರಲ್ಲಿ ಅನೇಕರನ್ನು ಕಾಡುತ್ತಿರುವುದು ಸುಲಭವಾಗಿ ಪತ್ತೆ ಹಚ್ಚಬಹುದಾದ, ಬಹುಪಾಲು ತಡೆಯಬಹುದಾದ ರಕ್ತಹೀನತೆ.

2019-21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣ ಶೇ 65.5. ಹಿಂದಿನ ಸಮೀಕ್ಷೆಗೆ ಹೋಲಿಸಿದರೆ ಎರಡೂ ಏರಿವೆ. ಅನ್ನಕ್ಕೆ ಕೊರತೆಯಿಲ್ಲದ ಮನೆಗಳಲ್ಲೂ ಇದು ಕಂಡುಬರುತ್ತದೆ ಎಂಬುದು ಗಮನಿಸಬೇಕಾದ ಸಂಗತಿ.

ಯಾವ ಮಟ್ಟ ಕಡಿಮೆ?

ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ರಕ್ತದ ಹಿಮೋಗ್ಲೋಬಿನ್ ಪ್ರಮಾಣ ಒಂದು ಡೆಸಿಲೀಟರಿಗೆ ಮಹಿಳೆಯರಲ್ಲಿ 12 ಗ್ರಾಂ, ಪುರುಷರಲ್ಲಿ 13 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಗರ್ಭಿಣಿಯರಿಗೆ ಸಾಮಾನ್ಯವಾಗಿ 11 ಗ್ರಾಂ ಮಿತಿ. ಹಿಮೋಗ್ಲೋಬಿನ್ ತಯಾರಿಕೆಗೆ ಕಬ್ಬಿಣಾಂಶ ಅತ್ಯಗತ್ಯ. ಫೋಲಿಕ್ ಆಮ್ಲ ಮತ್ತು ಬಿ12 ಜೀವಸತ್ವದ ಕೊರತೆಯಿಂದಲೂ ರಕ್ತಹೀನತೆ ಬರಬಹುದಾದರೂ ನಮ್ಮಲ್ಲಿ ಕಬ್ಬಿಣಾಂಶದ ಕೊರತೆಯೇ ಮುಖ್ಯ ಕಾರಣಗಳಲ್ಲೊಂದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನಂತೆ ವಯಸ್ಕ ಪುರುಷನಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಬೇಕಾದರೆ ಮಹಿಳೆಗೆ 29 ಮಿಲಿಗ್ರಾಂ ಬೇಕು. ಪ್ರತಿ ತಿಂಗಳ ಮುಟ್ಟಿನ ರಕ್ತಸ್ರಾವವೇ ಈ ವ್ಯತ್ಯಾಸಕ್ಕೆ ಕಾರಣ. ಹೆಚ್ಚು ಬೇಕಾದವಳೇ ಎಲ್ಲರಿಗೂ ಬಡಿಸಿ, ಉಳಿದ ಅನ್ನ-ಸಾರಿನಲ್ಲಿ ಊಟ ಮುಗಿಸುವುದು ಇಂದಿಗೂ ಎಷ್ಟೋ ಮನೆಗಳ ರೂಢಿ. ಪಲ್ಯ, ಮೊಟ್ಟೆ, ಮಾಂಸದ ತುಂಡುಗಳು ಆ ಹೊತ್ತಿಗೆ ಖಾಲಿಯಾಗಿರುತ್ತವೆ. ಇದನ್ನು ಯಾವ ಮಾತ್ರೆಯೂ ಸರಿಪಡಿಸಲಾರದು.

ತಿಂದದ್ದೆಲ್ಲ ರಕ್ತ ಸೇರದು

ತಟ್ಟೆಯಲ್ಲಿರುವ ಕಬ್ಬಿಣಾಂಶ ಪೂರ್ತಿಯಾಗಿ ದೇಹಕ್ಕೆ ಸೇರುವುದಿಲ್ಲ. ಮಾಂಸ, ಮೀನಿನಲ್ಲಿರುವುದು ಸುಲಭವಾಗಿ ಹೀರಲ್ಪಡುತ್ತದೆ. ಧಾನ್ಯ, ಕಾಳು, ಸೊಪ್ಪಿನಲ್ಲಿರುವುದರ ಸ್ವಲ್ಪ ಭಾಗ ಮಾತ್ರ ದಕ್ಕುತ್ತದೆ. ಧಾನ್ಯಗಳಲ್ಲಿನ ಫೈಟೇಟ್, ಚಹಾ-ಕಾಫಿಯಲ್ಲಿನ ಟ್ಯಾನಿನ್ ಮುಂತಾದ ಅಂಶಗಳು ಅದಕ್ಕೂ ಅಡ್ಡಿಯಾಗುತ್ತವೆ. ತಿಂಡಿಯ ಬೆನ್ನಿಗೇ ಲೋಟ ಕಾಫಿ ಕುಡಿಯುವ ನಮ್ಮ ಅಭ್ಯಾಸದ ನಷ್ಟ ಇಲ್ಲಿದೆ. ಊಟ-ತಿಂಡಿಗೂ ಕಾಫಿಗೂ ಕನಿಷ್ಠ ಒಂದು ಗಂಟೆ ಅಂತರವಿರುವುದು ಒಳಿತು.

ಇದಕ್ಕೆ ವಿರುದ್ಧವಾಗಿ 'ಸಿ' ಜೀವಸತ್ವ ಕಬ್ಬಿಣಾಂಶದ ಹೀರುವಿಕೆಯನ್ನು ಹೆಚ್ಚಿಸುತ್ತದೆ. ಕೋಸಂಬರಿಗೆ ನಿಂಬೆರಸ ಹಿಂಡುವುದು, ಊಟದ ಜೊತೆ ನೆಲ್ಲಿಕಾಯಿ ಚಟ್ನಿ, ಊಟದ ಕೊನೆಗೆ ಒಂದು ಸೀಬೆಹಣ್ಣು ಖರ್ಚಿಲ್ಲದ ಉಪಾಯಗಳು. ಕಾಳುಗಳನ್ನು ನೆನೆಸಿ ಮೊಳಕೆ ಬರಿಸುವುದರಿಂದ, ಹಿಟ್ಟನ್ನು ಹುದುಗಿಸುವುದರಿಂದ ಫೈಟೇಟ್ ಕಡಿಮೆಯಾಗುತ್ತದೆ. ಹಳೇ ಮೈಸೂರು ಭಾಗದ ಮೊಳಕೆ ಹುರುಳಿಕಾಳಿನ ಸಾರು, ಸೊಪ್ಪು-ಕಾಳು ಬೆರೆತ ಬಸ್ಸಾರು, ಉತ್ತರ ಕರ್ನಾಟಕದ ಗುರೆಳ್ಳು ಚಟ್ನಿ ಮತ್ತು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಈ ದೃಷ್ಟಿಯಿಂದ ಉತ್ತಮ ಆಹಾರಗಳು. ದಂಟು, ನುಗ್ಗೆ, ಹೊನಗೊನ್ನೆ ಸೊಪ್ಪುಗಳನ್ನು ವಾರದಲ್ಲಿ ಮೂರು-ನಾಲ್ಕು ದಿನವಾದರೂ ಬಳಸಬೇಕು. ಕಬ್ಬಿಣದ ಬಾಣಲೆಯಲ್ಲಿ ಮಾಡಿದ ಪಲ್ಯ, ಗೊಜ್ಜುಗಳಿಗೂ ಒಂದಿಷ್ಟು ಕಬ್ಬಿಣಾಂಶ ಸೇರುತ್ತದೆ.

ಎರಡು ತಪ್ಪು ನಂಬಿಕೆಗಳ ಬಗ್ಗೆ ಇಲ್ಲಿ ಹೇಳಲೇಬೇಕು. ಬೀಟ್‌ರೂಟ್, ದಾಳಿಂಬೆಯ ಬಣ್ಣ ಕೆಂಪು ಎಂಬ ಕಾರಣಕ್ಕೆ ಅವು ರಕ್ತ ಹೆಚ್ಚಿಸುವುದಿಲ್ಲ. 100 ಗ್ರಾಂನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣಾಂಶವೂ ಅವುಗಳಲ್ಲಿಲ್ಲ. ರಾಗಿಯ ಹೆಗ್ಗಳಿಕೆಯೂ ಕಬ್ಬಿಣಾಂಶವಲ್ಲ, 100 ಗ್ರಾಂಗೆ ಸುಮಾರು 340 ಮಿಲಿಗ್ರಾಂನಷ್ಟಿರುವ ಸುಣ್ಣದ ಅಂಶ. ಮುದ್ದೆ ಉಣ್ಣುವವರಿಗೆ ರಕ್ತಹೀನತೆ ಬಾರದೆಂಬ ಭರವಸೆ ಬೇಡ. ಮುದ್ದೆಯ ಜೊತೆಗಿನ ಸೊಪ್ಪಿನ ಸಾರೇ ಮುಖ್ಯ.

ಮಾತ್ರೆ ಯಾವಾಗ?

ಆಹಾರದಿಂದ ರಕ್ತಹೀನತೆಯನ್ನು ತಡೆಯಬಹುದು. ಆದರೆ ಹಿಮೋಗ್ಲೋಬಿನ್ ಆಗಲೇ ಕುಸಿದಿದ್ದರೆ ಆಹಾರವೊಂದೇ ಸಾಲದು, ಚಿಕಿತ್ಸೆ ಬೇಕು. ಗರ್ಭಿಣಿಯರ ವಿಷಯದಲ್ಲಿ ಇದು ಪ್ರಾಣದ ಪ್ರಶ್ನೆ. ತೀವ್ರ ರಕ್ತಹೀನತೆಯುಳ್ಳವರು ಹೆರಿಗೆ ವೇಳೆಯ ರಕ್ತಸ್ರಾವವನ್ನು ತಾಳಲಾರರು; ಹುಟ್ಟುವ ಮಗುವಿನ ತೂಕವೂ ಕಡಿಮೆಯಾಗಬಹುದು. 2018ರಲ್ಲಿ ಆರಂಭವಾದ 'ರಕ್ತಹೀನತೆ ಮುಕ್ತ ಭಾರತ' ಕಾರ್ಯಕ್ರಮದಡಿ ಗರ್ಭಿಣಿಯರಿಗೆ 60 ಮಿಲಿಗ್ರಾಂ ಕಬ್ಬಿಣಾಂಶ ಹಾಗೂ ಫೋಲಿಕ್ ಆಮ್ಲವುಳ್ಳ ಮಾತ್ರೆಯನ್ನು ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯ ನಂತರವೂ ಅಷ್ಟೇ ದಿನ ಉಚಿತವಾಗಿ ನೀಡಬೇಕೆಂಬ ನಿಯಮವಿದೆ.

ಮಲ ಕಪ್ಪಾಗುತ್ತದೆ, ವಾಕರಿಕೆ ಬರುತ್ತದೆ ಎಂದು ಅನೇಕರು ನಡುವೆಯೇ ಮಾತ್ರೆ ಬಿಡುತ್ತಾರೆ. ಮಲದ ಬಣ್ಣ ಬದಲಾಗುವುದು ಸಹಜ, ಅಪಾಯವಿಲ್ಲ. ವಾಕರಿಕೆಯಾದರೆ ರಾತ್ರಿ ಊಟದ ಬಳಿಕ ನುಂಗಬಹುದು. ಹಾಲು, ಚಹಾ ಅಥವಾ ಕ್ಯಾಲ್ಸಿಯಂ ಮಾತ್ರೆಯ ಜೊತೆ ಮಾತ್ರ ಸೇವಿಸಬಾರದು.

ಇತರ ಕೊರತೆಗಳು

ಬಿ12 ಸ್ವಾಭಾವಿಕವಾಗಿ ದೊರೆಯುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ಹಾಲು-ಮೊಸರನ್ನೂ ಬಿಟ್ಟ ಸಸ್ಯಾಹಾರಿಗಳು, ಮಧುಮೇಹಕ್ಕೆ ದೀರ್ಘಕಾಲ ಮೆಟ್‌ಫಾರ್ಮಿನ್ ಸೇವಿಸುವವರು ಎಚ್ಚರ ವಹಿಸಬೇಕು. ಕೈಕಾಲು ಜೋಮು ಹಿಡಿಯುವುದು, ಮರೆವು ಇದರ ಲಕ್ಷಣಗಳು. ಬರೀ ಫೋಲಿಕ್ ಆಮ್ಲ ಸೇವಿಸಿದರೆ ರಕ್ತಹೀನತೆ ಸುಧಾರಿಸಿದಂತೆ ಕಂಡು, ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದು.

'ಡಿ' ಜೀವಸತ್ವ ಆಹಾರದಿಂದ ಸಿಗುವುದು ಅಲ್ಪ, ಬಿಸಿಲೇ ಮೂಲ. ಕಚೇರಿಯ ಗಾಜಿನ ಕಿಟಕಿಯೊಳಗಿಂದ ಬರುವ ಬಿಸಿಲು ಪ್ರಯೋಜನಕ್ಕೆ ಬಾರದು, ಏಕೆಂದರೆ ಅಗತ್ಯವಾದ ಕಿರಣಗಳನ್ನು ಗಾಜು ತಡೆಯುತ್ತದೆ. ಗಳಗಂಡಕ್ಕೆ ಕಾರಣವಾಗುವ ಅಯೋಡಿನ್ ಕೊರತೆಯನ್ನು ತಡೆಯಲು ಅಯೋಡಿನ್‌ಯುಕ್ತ ಉಪ್ಪನ್ನು ಮುಚ್ಚಿದ ಡಬ್ಬಿಯಲ್ಲಿ, ಒಲೆಯಿಂದ ದೂರ ಇಟ್ಟರೆ ಸಾಕು. ಇರುಳುಗಣ್ಣು ತರುವ 'ಎ' ಜೀವಸತ್ವದ ಕೊರತೆಗೆ ಪಪ್ಪಾಯಿ, ಕ್ಯಾರೆಟ್, ಹಸಿರು ಸೊಪ್ಪು ಮದ್ದು. ಒಂಬತ್ತನೇ ತಿಂಗಳಿನಿಂದ ಮಕ್ಕಳಿಗೆ ನೀಡುವ 'ಎ' ಜೀವಸತ್ವದ ಹನಿಗಳನ್ನೂ ತಪ್ಪಿಸಬಾರದು.

ಎಲ್ಲ ರಕ್ತಹೀನತೆಯನ್ನೂ ಊಟದ ತಲೆಗೆ ಕಟ್ಟುವಂತಿಲ್ಲ. ಪುರುಷರಲ್ಲಿ, ಮುಟ್ಟು ನಿಂತ ಮಹಿಳೆಯರಲ್ಲಿ ಹಿಮೋಗ್ಲೋಬಿನ್ ಇಳಿದರೆ ಹೊಟ್ಟೆಯ ಹುಣ್ಣು, ಮೂಲವ್ಯಾಧಿ ಅಥವಾ ಕರುಳಿನ ಗೆಡ್ಡೆಯಿಂದ ರಕ್ತ ಸೋರುತ್ತಿರಬಹುದು. ಅಂಥವರು ಟಾನಿಕ್ ಬಾಟಲಿಗೆ ಕೈಹಾಕುವ ಮೊದಲು ವೈದ್ಯರಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕು.